ಸಣ್ಣಪುಟ್ಟ ಕಾಯಿಲೆಯಿರುವ ಬೆಕ್ಕಿನೊಂದಿಗೆ ವಿದೇಶಕ್ಕೆ: ಮೊದಲ ದಿನದಿಂದ ಹೊಸ ಮನೆಯವರೆಗೆ

ಕೇಳುವವರು ಬೇರೆ ಬೇರೆ, ಪ್ರಶ್ನೆ ಒಂದೇ. ಬೇರೆ ದೇಶದಲ್ಲಿ ಕೆಲಸ ಸಿಕ್ಕಿದೆ, ಮನೆಯ ಬೆಕ್ಕಿಗೆ ವಯಸ್ಸಾಗಿ ಮೂತ್ರಪಿಂಡ ಸ್ವಲ್ಪ ಸೋತಿದೆ. ಅಥವಾ ಥೈರಾಯ್ಡ್ ಮಾತ್ರೆ ನಡೆಯುತ್ತಿದೆ. ಅಥವಾ ಒಂದು ಕಣ್ಣಿನಲ್ಲಿ ಸದಾ ನೀರು ಸೋರುತ್ತದೆ. ಇಂಥ ಬೆಕ್ಕನ್ನು ಆ ದೇಶದೊಳಗೆ ಬಿಡುತ್ತಾರೆಯೇ? ಅದು ಅಷ್ಟು ದೂರದ ಪ್ರಯಾಣವನ್ನು ತಾಳಿಕೊಳ್ಳುತ್ತದೆಯೇ?

ಹೆಚ್ಚಿನ ಬೆಕ್ಕುಗಳ ಮಟ್ಟಿಗೆ ಎರಡಕ್ಕೂ ಉತ್ತರ ಹೌದು. ಗಡಿಯಲ್ಲಿರುವ ಅಧಿಕಾರಿ ಹುಡುಕುವುದು ಹರಡುವ ರೋಗವನ್ನು, ಅದರಲ್ಲೂ ರೇಬೀಸನ್ನು. ನಿಮ್ಮ ಬೆಕ್ಕಿನ ಥೈರಾಯ್ಡ್ ಮಟ್ಟ ಆತನಿಗೆ ಬೇಕಿಲ್ಲ. ಪ್ರಯಾಣವನ್ನು ಕೆಡಿಸುವುದು ಬಹುಪಾಲು ದಿನಾಂಕಗಳು: ಚರ್ಮದಡಿಯ ಗುರುತಿನ ಚಿಪ್‌ಗಿಂತ ಮೊದಲೇ ಹಾಕಿಸಿದ ರೇಬೀಸ್ ಲಸಿಕೆ, ಪರೀಕ್ಷೆಗೆ ತಡವಾಗಿ ಕೊಟ್ಟ ರಕ್ತ, ಅವಧಿ ಮುಗಿದ ಪ್ರಮಾಣಪತ್ರ. ಬೆಕ್ಕಿನ ಆರೋಗ್ಯಕ್ಕೆ ನಿಜವಾದ ಅಪಾಯ ಎದುರಾಗುವುದು ಅದರ ನಂತರ, ಹೊಸ ಮನೆಯಲ್ಲಿ ಊಟ ಬಿಟ್ಟು, ಮೂತ್ರ ತಡೆದುಕೊಂಡು, ಮಂಚದ ಕೆಳಗೆ ಅಡಗಿ ಕುಳಿತಾಗ. ಈ ಲೇಖನವನ್ನು ಈ ಎರಡು ಆತಂಕಗಳ ಸುತ್ತಲೇ ಬರೆದಿದ್ದೇನೆ.

1. ಹೋಗುವ ದಿನದಿಂದ ಹಿಂದಕ್ಕೆ ಎಣಿಸಿ

ಟಿಕೆಟ್ ಕೊಳ್ಳುವ ಮೊದಲು, ಮನೆ ಹುಡುಕುವ ಮೊದಲು, ಆ ದೇಶದ ಕೃಷಿ ಅಥವಾ ಪಶುಪಾಲನಾ ಇಲಾಖೆಯ ಅಧಿಕೃತ ನಿಯಮಗಳನ್ನು ನೀವೇ ಓದಿ. ಪರಿಚಯದವರು ಮೂರು ವರ್ಷದ ಹಿಂದೆ ಹೇಗೆ ಹೋದರು ಎಂಬುದನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ. ನಿಯಮಗಳು ಬದಲಾಗುತ್ತವೆ, ಜೊತೆಗೆ, ನೀವು ಯಾವ ದೇಶಕ್ಕೆ ಹೋಗುತ್ತೀರಿ ಎಂಬುದಷ್ಟೇ ಅಲ್ಲ, ಯಾವ ದೇಶದಿಂದ ಹೊರಡುತ್ತೀರಿ ಎಂಬುದರ ಮೇಲೂ ಅವು ನಿಲ್ಲುತ್ತವೆ.

ಅಂತರ ಎಷ್ಟು ದೊಡ್ಡದು ಎಂಬುದಕ್ಕೆ ಕೆಲವು ಉದಾಹರಣೆ. ಯುರೋಪಿಯನ್ ಒಕ್ಕೂಟವು ರೇಬೀಸ್ ಹತೋಟಿಯಲ್ಲಿದೆ ಎಂದು ಪಟ್ಟಿ ಮಾಡಿದ ದೇಶದಿಂದ ಹೊರಟರೆ ಚಿಪ್, ಲಸಿಕೆ, ಅದಾದ ಮೇಲೆ 21 ದಿನಗಳ ಕಾಯುವಿಕೆ ಸಾಕು. ಪಟ್ಟಿಯಲ್ಲಿಲ್ಲದ ದೇಶದಿಂದ ಹೊರಟರೆ ಲಸಿಕೆಯಾಗಿ ಕನಿಷ್ಠ 30 ದಿನಗಳ ನಂತರ ರಕ್ತ ತೆಗೆಸಿ ಪರೀಕ್ಷೆ ಮಾಡಿಸಬೇಕು, ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಎಂದರೆ ಎಲ್ಲವೂ ಸರಿಹೋದರೂ ನಾಲ್ಕು ತಿಂಗಳು ಬೇಕು. ಅದೇ ಜಪಾನ್ ಆದರೆ, ರೇಬೀಸ್ ಇರುವ ದೇಶಗಳಿಂದ ಬರುವ ಬೆಕ್ಕಿಗೆ 30 ದಿನಗಳ ಅಂತರದಲ್ಲಿ ಎರಡು ಲಸಿಕೆ, ರಕ್ತಪರೀಕ್ಷೆ, ಆಮೇಲೆ 180 ದಿನಗಳ ಕಾಯುವಿಕೆ. ತಲುಪುವುದಕ್ಕೆ ಕನಿಷ್ಠ 40 ದಿನ ಮುಂಚೆ ಸೂಚನಾಪತ್ರ ಬೇರೆ. ಆಸ್ಟ್ರೇಲಿಯಾದಲ್ಲಿ ಆಮದು ಪರವಾನಗಿಯ ಜೊತೆಗೆ ಮೆಲ್ಬರ್ನ್ ಬಳಿಯ ಮಿಕ್‌ಲ್ಯಾಮ್ ಕೇಂದ್ರದಲ್ಲಿ ಕನಿಷ್ಠ 10 ದಿನ, ಕೆಲವು ಸಂದರ್ಭಗಳಲ್ಲಿ 30 ದಿನ ಕ್ವಾರಂಟೈನ್ ಇದೆ. ಕ್ವಾರಂಟೈನ್ ಎಂದರೆ ಬೆಕ್ಕನ್ನು ಸರ್ಕಾರಿ ಕೇಂದ್ರದಲ್ಲಿ ಪ್ರತ್ಯೇಕವಾಗಿಟ್ಟು ಗಮನಿಸುವುದು. ಕೆಲವು ದೇಶಗಳ ಬೆಕ್ಕು ಆಸ್ಟ್ರೇಲಿಯಾಕ್ಕೆ ನೇರವಾಗಿ ಹೋಗಲು ಬರುವುದೇ ಇಲ್ಲ.

ಮಾತ್ರೆ ನಡೆಯುತ್ತಿರುವ ಬೆಕ್ಕಿನ ಮಾಲೀಕರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಕ್ವಾರಂಟೈನ್ ಇದ್ದರೆ ಅಲ್ಲಿ ಔಷಧ ಕೊಡುವವರು ಯಾರು, ದಿನಕ್ಕೆ ಎಷ್ಟು ಬಾರಿ, ವಿಶೇಷ ಆಹಾರ ಸಿಗುತ್ತದೆಯೇ ಎಂಬುದನ್ನು ಮೊದಲೇ ಬರೆದು ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ.

2. ಕಾಯಿಲೆಗೆ ಹೆಸರಿಡಿ, ಹತೋಟಿಗೆ ತನ್ನಿ

‘ಸಣ್ಣ ತೊಂದರೆ’ ಎಂಬ ಮಾತು ಪ್ರಯಾಣದ ಮಟ್ಟಿಗೆ ಸಾಲದು. ವೈದ್ಯರ ಬಳಿ ಹೋಗಿ ಪೂರ್ತಿ ತಪಾಸಣೆ ಮಾಡಿಸಿ: ರಕ್ತ, ಮೂತ್ರ, ತೂಕ, ಹಲ್ಲು, ಎಂಟು ವರ್ಷ ದಾಟಿದ್ದರೆ ರಕ್ತದೊತ್ತಡ ಮತ್ತು ಥೈರಾಯ್ಡ್. ಮಾತ್ರೆಯ ಪ್ರಮಾಣ ಬದಲಿಸುವುದಿದ್ದರೆ, ಹಲ್ಲು ಕೀಳಿಸುವುದಿದ್ದರೆ, ಹೊಸ ಆಹಾರಕ್ಕೆ ಒಗ್ಗಿಸುವುದಿದ್ದರೆ ಈಗಲೇ ಮಾಡಿ. ಹೊರಡುವ ಹಿಂದಿನ ತಿಂಗಳಲ್ಲಿ ಯಾವ ಹೊಸ ಪ್ರಯೋಗವೂ ಬೇಡ.

ಹೆಚ್ಚಾಗಿ ಕಾಣುವ ತೊಂದರೆಗಳು, ಅವುಗಳಿಗೆ ಬೇಕಾದ ಎಚ್ಚರ:

ಮೂತ್ರಪಿಂಡದ ದುರ್ಬಲತೆ. ಈ ಬೆಕ್ಕುಗಳಿಗೆ ನಿರ್ಜಲೀಕರಣ, ಅಂದರೆ ಮೈಯಲ್ಲಿನ ನೀರು ಬತ್ತುವುದು, ಎಲ್ಲಕ್ಕಿಂತ ದೊಡ್ಡ ಶತ್ರು. ಒಣ ಆಹಾರವಷ್ಟೇ ತಿನ್ನುವ ಅಭ್ಯಾಸವಿದ್ದರೆ ತಿಂಗಳುಗಟ್ಟಲೆ ಮೊದಲೇ ಹಸಿ ಆಹಾರಕ್ಕೆ ಒಗ್ಗಿಸಿ. ಹೊರಡುವ ಮುನ್ನ ಚರ್ಮದಡಿ ದ್ರವ ಕೊಡಿಸಬೇಕೇ ಎಂದು ವೈದ್ಯರನ್ನು ಕೇಳಿ.

ಮೂತ್ರನಾಳದ ಉರಿಯೂತ. ಒತ್ತಡವಾದಾಗಲೆಲ್ಲ ಮರುಕಳಿಸುವ ಕಾಯಿಲೆ ಇದು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು, ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲಿ ಜೀವಕ್ಕೇ ಸಂಚಕಾರ. ಇತ್ತೀಚೆಗೆ ಹಾಗೆ ಕಟ್ಟಿಕೊಂಡಿದ್ದ ಬೆಕ್ಕನ್ನು ಕರೆದೊಯ್ಯಲು ಅವಸರಪಡಬೇಡಿ; ಪ್ರಯಾಣವನ್ನೇ ಮುಂದೂಡುವುದು ಲೇಸು.

ಹರ್ಪಿಸ್ ವೈರಸ್‌ನಿಂದ ಸೋರುವ ಕಣ್ಣು, ಸೀನು. ಇದು ಅನೇಕ ಬೆಕ್ಕುಗಳಲ್ಲಿ ಮರಿಯಾಗಿದ್ದಾಗಲೇ ಸೇರಿ ಜೀವನಪೂರ್ತಿ ಮೈಯಲ್ಲಿ ಅಡಗಿರುತ್ತದೆ, ಒತ್ತಡವಾದಾಗ ತಲೆಯೆತ್ತುತ್ತದೆ. ಬೆಕ್ಕಿಗೆ ಇದರಿಂದ ದೊಡ್ಡ ಕಷ್ಟವಿಲ್ಲದಿರಬಹುದು, ಆದರೆ ಕಣ್ಣಿಗೆ ಕಾಣುವ ಕಾಯಿಲೆಯಾದ್ದರಿಂದ ವಿಮಾನ ನಿಲ್ದಾಣದಲ್ಲಿ ಬೆಕ್ಕನ್ನು ಹತ್ತಿಸಿಕೊಳ್ಳಲು ನಿರಾಕರಿಸುವ ಸಾಧ್ಯತೆ ರಕ್ತದಲ್ಲಿ ಅಡಗಿರುವ ಯಾವ ಕಾಯಿಲೆಗಿಂತಲೂ ಇದಕ್ಕೇ ಹೆಚ್ಚು. ಹಳೆಯ ತೊಂದರೆ, ಚಿಕಿತ್ಸೆಯಲ್ಲಿದೆ ಎಂದು ವೈದ್ಯರಿಂದ ಪತ್ರ ಬರೆಸಿಕೊಳ್ಳಿ. ಅತಿಯಾಗಿ ನೆಕ್ಕಿಕೊಂಡು ಕೂದಲುದುರಿದ ಬೆಕ್ಕಿಗೂ ಇದೇ ಮಾತು: ಹುಳುಕಡ್ಡಿ ಎಂದು ಯಾರಾದರೂ ಅನುಮಾನಿಸುವ ಮೊದಲೇ ಶಿಲೀಂಧ್ರ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ.

ಹೃದಯದ ಮರ್ಮರ, ಅಂದರೆ ಬಡಿತದ ಜೊತೆ ಕೇಳಿಸುವ ಹೆಚ್ಚುವರಿ ಸದ್ದು. ಇದನ್ನು ಮಾತ್ರ ‘ಸಣ್ಣದು’ ಎಂದು ನೀವೇ ತೀರ್ಮಾನಿಸಬೇಡಿ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 6,000ರಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಂತಿರುತ್ತದೆ, ಆಮ್ಲಜನಕ ಅಷ್ಟಕ್ಕಷ್ಟೇ ಕಡಿಮೆ. ಗಟ್ಟಿ ಹೃದಯಕ್ಕೆ ಇದು ಲೆಕ್ಕಕ್ಕಿಲ್ಲ, ದಪ್ಪಗಟ್ಟಿದ ಹೃದಯಕ್ಕೆ ಲೆಕ್ಕಕ್ಕೆ ಬರುತ್ತದೆ. ಎಕೋಕಾರ್ಡಿಯೋಗ್ರಾಂ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸದೆ ಟಿಕೆಟ್ ಕೊಳ್ಳಬೇಡಿ. ಪರ್ಷಿಯನ್‌ನಂತಹ ಚಪ್ಪಟೆ ಮೂಗಿನ ತಳಿಗಳಿಗೂ ಉಸಿರಾಟದ ಕಷ್ಟವಿರುವುದರಿಂದ ಹಲವು ವಿಮಾನ ಸಂಸ್ಥೆಗಳು ಅವನ್ನು ಸರಕು ವಿಭಾಗದಲ್ಲಿ ಒಯ್ಯುವುದೇ ಇಲ್ಲ.

ಮಧುಮೇಹ. ಕರೆದೊಯ್ಯಬಹುದು, ಆದರೆ ಇನ್ಸುಲಿನ್ ಹೊತ್ತನ್ನು ಹೊಸ ದೇಶದ ಗಡಿಯಾರಕ್ಕೆ ಹೊಂದಿಸುವ ವೇಳಾಪಟ್ಟಿಯನ್ನು ವೈದ್ಯರಿಂದ ಬರೆಸಿಕೊಂಡೇ ಹೊರಡಬೇಕು. ಬೆಕ್ಕು ತಿನ್ನದಿದ್ದರೆ ಎಷ್ಟು ಕೊಡಬೇಕು ಎಂಬುದೂ ಅದರಲ್ಲಿರಲಿ.

ಆಸ್ತಮಾ ಇದ್ದರೆ ಇನ್‌ಹೇಲರ್ ಮತ್ತು ಮುಖಕವಚ ನಿಮ್ಮ ಕೈಚೀಲದಲ್ಲಿರಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಅಲ್ಲ.

3. ಚಿಪ್, ಲಸಿಕೆ, ರಕ್ತ: ಈ ಕ್ರಮ ತಪ್ಪಬಾರದು

ಮೈಕ್ರೋಚಿಪ್ ಎಂದರೆ ಕತ್ತಿನ ಚರ್ಮದಡಿ ಕೂರಿಸುವ ಅಕ್ಕಿಕಾಳಿನಷ್ಟು ಗುರುತಿನ ತುಣುಕು. ಅಂತರರಾಷ್ಟ್ರೀಯ ಐಎಸ್‌ಒ ಮಾನದಂಡದ, 15 ಅಂಕಿಯ ಚಿಪ್ ಬೇಕು. ಮೊದಲು ಚಿಪ್, ನಂತರ ರೇಬೀಸ್ ಲಸಿಕೆ. ಒಂದೇ ದಿನ ಮಾಡಿಸಿದರೆ ಅಡ್ಡಿಯಿಲ್ಲ, ಆದರೆ ಚಿಪ್ ಇಲ್ಲದ ಬೆಕ್ಕಿಗೆ ಹಿಂದೆ ಹಾಕಿಸಿದ ಲಸಿಕೆಯನ್ನು ಯುರೋಪಿನಂತಹ ಕಡೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪ್ರತಿ ವರ್ಷ ತಪ್ಪದೆ ಲಸಿಕೆ ಹಾಕಿಸಿದವರಿಗೆ ಇದು ಅನ್ಯಾಯವೆನಿಸುತ್ತದೆ, ನನಗೂ ಹಾಗೇ ಅನಿಸುತ್ತದೆ. ಆದರೆ ವಾದಿಸಿ ಫಲವಿಲ್ಲ, ಮತ್ತೆ ಹಾಕಿಸಿ.

ಪ್ರತಿ ಭೇಟಿಯಲ್ಲೂ ವೈದ್ಯರಿಂದ ಚಿಪ್ ಓದಿಸಿ. ಚಿಪ್ ಅಪರೂಪಕ್ಕೆ ಜಾರಿ ಭುಜದತ್ತ ಸರಿಯುತ್ತದೆ, ಇನ್ನೂ ಅಪರೂಪಕ್ಕೆ ಕೆಲಸ ನಿಲ್ಲಿಸುತ್ತದೆ. ಎಲ್ಲ ಕಾಗದಗಳಲ್ಲೂ ಆ 15 ಅಂಕಿಗಳು ಒಂದೇ ಇವೆಯೇ ಎಂದು ಬೆರಳಿಟ್ಟು ಓದಿ ನೋಡಿ. ಒಂದು ಅಂಕಿ ಅದಲುಬದಲಾದರೆ ಅದು ಕಾಗದದ ಪ್ರಕಾರ ಬೇರೆ ಬೆಕ್ಕು.

ಇನ್ನು ರಕ್ತಪರೀಕ್ಷೆ. ಟೈಟರ್ ಪರೀಕ್ಷೆ ಎಂದು ಇದರ ಹೆಸರು. ಲಸಿಕೆಯಿಂದ ರಕ್ತದಲ್ಲಿ ಎಷ್ಟು ಪ್ರತಿಕಾಯಗಳು ಹುಟ್ಟಿವೆ ಎಂದು ಅಳೆಯುತ್ತದೆ. ಪ್ರತಿ ಮಿಲಿಲೀಟರ್‌ಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅಥವಾ ಹೆಚ್ಚಿರಬೇಕು. ಹೋಗುವ ದೇಶ ಮಾನ್ಯ ಮಾಡಿದ ಪ್ರಯೋಗಾಲಯದ ವರದಿಯೇ ಬೇಕು, ಬೇರೆಲ್ಲಿ ಮಾಡಿಸಿದರೂ ಅದು ವ್ಯರ್ಥ.

ಕಾಯಿಲೆಯ ಬೆಕ್ಕಿಗೆ ಇಲ್ಲಿ ಎರಡು ವಿಶೇಷ ಎಚ್ಚರಗಳಿವೆ. ಸ್ಟೀರಾಯ್ಡ್ ಪಡೆಯುತ್ತಿರುವ ಬೆಕ್ಕಿನ ರೋಗನಿರೋಧಕ ಶಕ್ತಿ ಲಸಿಕೆಗೆ ಸರಿಯಾಗಿ ಸ್ಪಂದಿಸದೆ ಅಂಕ ಕಡಿಮೆ ಬರಬಹುದು. ಹಾಗಾದರೆ ಮತ್ತೆ ಲಸಿಕೆ, ಮತ್ತೆ ರಕ್ತ, ಕಾಯುವಿಕೆಯ ಎಣಿಕೆ ಮತ್ತೆ ಮೊದಲಿನಿಂದ. ಲಸಿಕೆಯ ಹೊತ್ತಿಗೆ ಔಷಧವನ್ನು ಹೊಂದಿಸಲು ಸಾಧ್ಯವೇ ಎಂದು ವೈದ್ಯರನ್ನು ಕೇಳಿ. ನೀವೇ ನಿಲ್ಲಿಸಬೇಡಿ, ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸುವುದು ಅಪಾಯ. ಎರಡನೆಯದು, ಟೈಟರ್‌ಗೆ ರಕ್ತ ತೆಗೆಯುವಾಗಲೇ ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಗಳಿಗೂ ತೆಗೆಸಿ. ಸೂಜಿ ಒಂದೇ ಸಲ ಚುಚ್ಚಿದರೆ ಸಾಕಲ್ಲವೇ?

ಟೈಟರ್ ಒಮ್ಮೆ ದಾಟಿದ ಮೇಲೆ ಮುಂದಿನ ಲಸಿಕೆಯ ದಿನಾಂಕವನ್ನು ಒಂದು ದಿನವೂ ತಪ್ಪಿಸಬೇಡಿ. ತಪ್ಪಿದರೆ ಯುರೋಪಿನ ನಿಯಮದ ಪ್ರಕಾರ ಹಳೆಯ ವರದಿ ಬಿದ್ದುಹೋಗುತ್ತದೆ.

4. ಕ್ಯಾಬಿನ್ ಅಥವಾ ಕಾರ್ಗೊ

ಬೆಕ್ಕು ನಿಮ್ಮ ಕಾಲ ಬಳಿ ಕ್ಯಾಬಿನ್‌ನಲ್ಲೇ ಬರುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಹಲವು ವಿಮಾನ ಸಂಸ್ಥೆಗಳಲ್ಲಿ ಬೆಕ್ಕು ಮತ್ತು ಚೀಲ ಸೇರಿ 8 ಕಿಲೋ ಮಿತಿ ಇದೆ. ಒಂದು ವಿಮಾನದಲ್ಲಿ ಇಂತಿಷ್ಟೇ ಪ್ರಾಣಿ ಎಂಬ ಲೆಕ್ಕವೂ ಇರುವುದರಿಂದ ಟಿಕೆಟ್ ಕೊಂಡ ದಿನವೇ ಬೆಕ್ಕಿನ ಜಾಗ ಕಾದಿರಿಸಿ. ಆದರೆ ಎಲ್ಲ ಕಡೆ ಈ ಆಯ್ಕೆಯಿಲ್ಲ. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ವಿಮಾನದಲ್ಲಿ ಬರುವ ಬೆಕ್ಕು ಸಾಮಾನ್ಯವಾಗಿ ಕಾರ್ಗೊ ಮೂಲಕವೇ ಇಳಿಯಬೇಕು.

ಕಾರ್ಗೊ ಎಂದೊಡನೆ ಎದೆ ನಡುಗುವುದು ನನಗೆ ಗೊತ್ತು. ಪ್ರಾಣಿಗಳನ್ನಿಡುವ ಆ ವಿಭಾಗದಲ್ಲೂ ಪ್ರಯಾಣಿಕರ ವಿಭಾಗದಷ್ಟೇ ಗಾಳಿಯ ಒತ್ತಡವಿರುತ್ತದೆ, ಉಷ್ಣತೆಯನ್ನೂ ಕಾಯ್ದುಕೊಳ್ಳುತ್ತಾರೆ. ಕಷ್ಟವಾಗುವುದು ಹೆಚ್ಚಾಗಿ ನೆಲದ ಮೇಲೆ, ವಿಮಾನ ಬದಲಿಸುವಾಗ ಬಿಸಿಲಿನಲ್ಲೋ ಚಳಿಯಲ್ಲೋ ಕಾಯುವ ಹೊತ್ತಿನಲ್ಲಿ. ಆದ್ದರಿಂದ ಕಾಯಿಲೆಯಿರುವ ಬೆಕ್ಕಿಗೆ ನೇರ ವಿಮಾನವನ್ನೇ ಹುಡುಕಿ, ಅದು ದುಬಾರಿಯಾದರೂ ಸರಿ. ಬೇಸಿಗೆಯ ಮಧ್ಯಾಹ್ನ ಮತ್ತು ಕಡುಚಳಿಯ ತಿಂಗಳುಗಳನ್ನು ತಪ್ಪಿಸಿ.

ಪೆಟ್ಟಿಗೆಯ ಅಳತೆಗೆ ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ, ಅಂದರೆ ಐಎಟಿಎ, ಸೂತ್ರ ಕೊಟ್ಟಿದೆ. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ಮುಂಗಾಲಿನ ಮೊಣಕೈ ಎತ್ತರದ ಅರ್ಧವನ್ನು ಸೇರಿಸಿದರೆ ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ಬೆಕ್ಕು ನಿಂತಾಗ ತಲೆಯೋ ಕಿವಿಯೋ ಯಾವುದು ಮೇಲಿದೆಯೋ ಅಲ್ಲಿಯವರೆಗೆ ಎತ್ತರ. ಚಪ್ಪಟೆ ಮೂಗಿನ ತಳಿಗೆ ಶೇಕಡ 10ರಷ್ಟು ದೊಡ್ಡದು ಬೇಕು.

ಪೆಟ್ಟಿಗೆಯನ್ನು ಹೊರಡುವ ವಾರ ಕೊಂಡರೆ ತಪ್ಪು ಮಾಡಿದಂತೆ. ಎರಡು ಮೂರು ತಿಂಗಳು ಮೊದಲೇ ತಂದು, ಬಾಗಿಲು ತೆಗೆದು ಕೋಣೆಯಲ್ಲಿಡಿ. ಊಟ ಅದರೊಳಗೆ ಕೊಡಿ. ತಾನಾಗಿಯೇ ಒಳಗೆ ಮಲಗಲು ಶುರುಮಾಡಿದ ಮೇಲೆ ಬಾಗಿಲನ್ನು ಐದು ನಿಮಿಷ, ಹತ್ತು ನಿಮಿಷ ಮುಚ್ಚಿ ನೋಡಿ, ಆಮೇಲೆ ಕಾರಿನಲ್ಲಿ ಸುತ್ತಾಡಿಸಿ. ಒತ್ತಡದಿಂದಲೇ ಕೆರಳುವ ಕಾಯಿಲೆಗಳಿಗೆ ಈ ಅಭ್ಯಾಸ ಮಾತ್ರೆಗಿಂತ ಕಡಿಮೆಯಲ್ಲ.

ನಿದ್ರೆ ಬರಿಸುವ ಔಷಧದ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೇಡ. ಭಾರೀ ಮಂಪರು ರಕ್ತದೊತ್ತಡವನ್ನು ಇಳಿಸುತ್ತದೆ, ಮೈ ಬಿಸಿಯನ್ನು ಕಾಪಾಡಿಕೊಳ್ಳುವ ಶಕ್ತಿಯನ್ನು ಕುಗ್ಗಿಸುತ್ತದೆ. ಮಂಪರಿನಲ್ಲಿರುವ ಪ್ರಾಣಿಯನ್ನು ಎಷ್ಟೋ ವಿಮಾನ ಸಂಸ್ಥೆಗಳು ಹತ್ತಿಸಿಕೊಳ್ಳುವುದಿಲ್ಲ. ಕ್ಯಾಬಿನ್‌ನಲ್ಲಿ ಬರುವ ಬೆಕ್ಕಿಗೆ ಆತಂಕ ತಗ್ಗಿಸಲು ವೈದ್ಯರು ಗ್ಯಾಬಾಪೆಂಟಿನ್ ಸೂಚಿಸಬಹುದು. ಆ ಔಷಧ ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಮೂತ್ರಪಿಂಡ ಸೋತ ಬೆಕ್ಕಿಗೆ ಪ್ರಮಾಣ ಕಡಿಮೆ ಇರಬೇಕು. ಯಾವುದೇ ಔಷಧವಾದರೂ ಮೊದಲ ಬಾರಿ ಮನೆಯಲ್ಲೇ ಕೊಟ್ಟು ನೋಡಿರಬೇಕು.

5. ಔಷಧ ಮತ್ತು ದಾಖಲೆಗಳ ಚೀಲ

ಕನಿಷ್ಠ ಆರರಿಂದ ಎಂಟು ವಾರಗಳ ಔಷಧ ಜೊತೆಗಿರಲಿ, ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಂದಿಗೆ. ಚೀಟಿಯಲ್ಲಿ ಕಂಪನಿ ಇಟ್ಟ ಹೆಸರಿನ ಬದಲು ಔಷಧದ ಮೂಲ ಹೆಸರಿರಲಿ, ಏಕೆಂದರೆ ಆ ದೇಶದಲ್ಲಿ ಕಂಪನಿಯ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಥೈರಾಯ್ಡ್‌ಗೆ ಒಂದು ಕಡೆ ಮೆಥಿಮಜೋಲ್ ಕೊಟ್ಟರೆ ಇನ್ನೊಂದು ಕಡೆ ಕಾರ್ಬಿಮಜೋಲ್ ಕೊಡುತ್ತಾರೆ. ಎರಡೂ ಒಂದೇ ಕೆಲಸ ಮಾಡಿದರೂ ಮಿಲಿಗ್ರಾಂ ಲೆಕ್ಕ ಬೇರೆ. ಇನ್ಸುಲಿನ್‌ನಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಬೇಕು. ಮಿಲಿಲೀಟರ್‌ಗೆ 40 ಯೂನಿಟ್‌ನದು, 100 ಯೂನಿಟ್‌ನದು ಎಂದು ಎರಡು ಬಗೆಯಿದ್ದು, ಸಿರಿಂಜ್‌ಗಳೂ ಬೇರೆ ಬೇರೆ. ತಪ್ಪು ಸಿರಿಂಜ್ ಹಿಡಿದರೆ ಪ್ರಮಾಣ ಎರಡೂವರೆ ಪಟ್ಟು ಏರುಪೇರಾಗುತ್ತದೆ. ಸಿರಿಂಜ್‌ಗಳನ್ನೂ ಇಲ್ಲಿಂದಲೇ ಒಯ್ಯಿರಿ. ಇನ್ಸುಲಿನ್ ಅನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಡಿ, ಹೆಪ್ಪುಗಟ್ಟಿದರೆ ಕೆಡುತ್ತದೆ. 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಳಿಸುವ ತಂಪು ಚೀಲದಲ್ಲಿ ಕೈಯಲ್ಲೇ ಇರಲಿ.

ಕೆಲವು ಔಷಧಗಳಿಗೆ ಕೆಲವು ದೇಶಗಳಲ್ಲಿ ಕಾನೂನಿನ ಕಟ್ಟುಪಾಡಿದೆ. ಗ್ಯಾಬಾಪೆಂಟಿನ್ ಬ್ರಿಟನ್‌ನಲ್ಲಿ 2019ರಿಂದ ನಿಯಂತ್ರಿತ ಔಷಧ. ಚೀಟಿಯಿಲ್ಲದೆ ಒಯ್ಯಬೇಡಿ.

ಆಹಾರವೂ ಹಾಗೆಯೇ. ಮಾಂಸದಿಂದ ಮಾಡಿದ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟ ಹೊರಗಿನಿಂದ ತರಲು ಬಿಡುವುದಿಲ್ಲ, ಆದರೆ ವೈದ್ಯಕೀಯ ಕಾರಣಕ್ಕೆ ಬೇಕಾದ ಪ್ರಾಣಿ ಆಹಾರಕ್ಕೆ 2 ಕಿಲೋವರೆಗೆ ವಿನಾಯಿತಿ ಇದೆ. ಅದು ಫ್ರಿಜ್ ಬೇಡದ, ಕಂಪನಿಯ ಪೊಟ್ಟಣದಲ್ಲಿರುವ ಆಹಾರವಾಗಿರಬೇಕು. ವೈದ್ಯರ ಪತ್ರ ಇಲ್ಲಿಯೂ ನೆರವಿಗೆ ಬರುತ್ತದೆ.

ಹಳೆಯ ರಕ್ತವರದಿಗಳನ್ನು ಒಯ್ಯುವಾಗ ಅಳತೆಯ ಮಾನವನ್ನೂ ನೋಡಿಕೊಳ್ಳಿ. ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಕೆಲವೆಡೆ ಮಿಲಿಗ್ರಾಂನಲ್ಲಿ, ಕೆಲವೆಡೆ ಮೈಕ್ರೋಮೋಲ್‌ನಲ್ಲಿ ಬರುತ್ತದೆ. ಡೆಸಿಲೀಟರ್‌ಗೆ 2 ಮಿಲಿಗ್ರಾಂ ಎಂದರೆ ಲೀಟರ್‌ಗೆ ಸುಮಾರು 177 ಮೈಕ್ರೋಮೋಲ್. ಇದು ಗೊತ್ತಿಲ್ಲದೆ ಹೊಸ ದೇಶದ ಮೊದಲ ವರದಿ ನೋಡಿ ಗಾಬರಿಯಾಗುವವರಿದ್ದಾರೆ.

6. ಕೊನೆಯ ಹತ್ತು ದಿನ

ಆರೋಗ್ಯ ಪ್ರಮಾಣಪತ್ರವನ್ನು ಸರ್ಕಾರಿ ಪಶುವೈದ್ಯರು ಕೊಡಬೇಕು, ಅಥವಾ ನಿಮ್ಮ ವೈದ್ಯರು ಬರೆದದ್ದಕ್ಕೆ ಅವರು ಮೊಹರು ಹಾಕಬೇಕು. ಯುರೋಪಿನ ಪ್ರಮಾಣಪತ್ರ ಕೊಟ್ಟ ದಿನದಿಂದ 10 ದಿನಗಳೊಳಗೆ ಅಲ್ಲಿನ ಗಡಿ ತಲುಪಬೇಕು, ಮಾಲೀಕರ ಪ್ರಯಾಣಕ್ಕೂ ಬೆಕ್ಕಿನ ಪ್ರಯಾಣಕ್ಕೂ 5 ದಿನಗಳಿಗಿಂತ ಹೆಚ್ಚು ಅಂತರವಿರಬಾರದು. ನಡುವೆ ರಜೆಗಳು ಬಂದರೆ ಎಲ್ಲವೂ ಬಿಗಿಯಾಗುತ್ತದೆ, ಕಚೇರಿಯ ಭೇಟಿಯನ್ನು ವಾರಗಳ ಮೊದಲೇ ಗೊತ್ತುಮಾಡಿಕೊಳ್ಳಿ.

ಈ ಹಂತದಲ್ಲಿ ಕಾಯಿಲೆಯನ್ನು ಮುಚ್ಚಿಡಲು ಮನಸ್ಸಾಗುತ್ತದೆ. ದಯವಿಟ್ಟು ಮುಚ್ಚಿಡಬೇಡಿ. ಪ್ರಮಾಣಪತ್ರ ಕೇಳುವುದು ಹರಡುವ ರೋಗದ ಲಕ್ಷಣಗಳಿಲ್ಲ, ಬೆಕ್ಕು ಪ್ರಯಾಣಕ್ಕೆ ಯೋಗ್ಯವಾಗಿದೆ ಎಂಬುದನ್ನು. ಹತೋಟಿಯಲ್ಲಿರುವ ಮಧುಮೇಹ ಅಥವಾ ಥೈರಾಯ್ಡ್ ಅದಕ್ಕೆ ಅಡ್ಡಬರುವುದಿಲ್ಲ. ಮುಚ್ಚಿಟ್ಟ ಕಾಯಿಲೆ ದಾರಿಯಲ್ಲಿ ಉಲ್ಬಣಿಸಿದರೆ ಬೆಕ್ಕನ್ನು ನೋಡುವವರಿಗೆ ಎಲ್ಲಿಂದ ಆರಂಭಿಸಬೇಕೆಂದೇ ತಿಳಿಯುವುದಿಲ್ಲ.

7. ಹೊರಡುವ ದಿನ

ಹೊರಡುವುದಕ್ಕೆ ನಾಲ್ಕರಿಂದ ಆರು ಗಂಟೆ ಮೊದಲು ಹಗುರ ಊಟ ಕೊಡಿ. ನೀರನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಮಧುಮೇಹಿ ಬೆಕ್ಕನ್ನು ಉಪವಾಸ ಕೆಡವಬೇಡಿ. ಸಕ್ಕರೆ ಕುಸಿದು ಬೆಕ್ಕು ತೂರಾಡಿದರೆ ವಸಡಿಗೆ ಸವರಲು ಗ್ಲೂಕೋಸ್ ದ್ರಾವಣ ಕೈಯಲ್ಲಿರಲಿ. ಪೆಟ್ಟಿಗೆಯ ತಳಕ್ಕೆ ತೇವ ಹೀರುವ ಹಾಸು, ಮೇಲೆ ನಿಮ್ಮ ಮೈವಾಸನೆಯಿರುವ ಹಳೆಯ ಬಟ್ಟೆ ಹಾಸಿ.

ಭದ್ರತಾ ತಪಾಸಣೆಯಲ್ಲಿ ಬೆಕ್ಕನ್ನು ಚೀಲದಿಂದ ಹೊರತೆಗೆಯಲು ಹೇಳುತ್ತಾರೆ. ಅತ್ಯಂತ ಸಾಧು ಬೆಕ್ಕೂ ಆ ಗದ್ದಲದಲ್ಲಿ ಕೈಯಿಂದ ಚಿಮ್ಮಬಲ್ಲದು. ಮೈಗೆ ಸರಿಯಾಗಿ ಕೂರುವ ಪಟ್ಟಿ, ಅದಕ್ಕೆ ಹಗ್ಗ ಇರಲೇಬೇಕು. ಮುಚ್ಚಿದ ಕೋಣೆಯಲ್ಲಿ ತಪಾಸಣೆ ಮಾಡುವಂತೆ ಕೇಳಿ, ಹಲವು ನಿಲ್ದಾಣಗಳಲ್ಲಿ ಅದಕ್ಕೆ ಅವಕಾಶವಿದೆ.

8. ಮೊದಲ ಮೂರು ದಿನ

ಇಡೀ ಮನೆಯನ್ನು ಬೆಕ್ಕಿಗೆ ಬಿಟ್ಟುಕೊಡಬೇಡಿ. ಒಂದು ಸಣ್ಣ ಕೋಣೆ ಸಾಕು: ಅಡಗಲು ಅದೇ ಪ್ರಯಾಣದ ಪೆಟ್ಟಿಗೆ, ಹಳೆಯ ಮನೆಯಲ್ಲಿ ಬಳಸುತ್ತಿದ್ದ ಬಗೆಯದೇ ಮರಳು, ಅದೇ ಆಹಾರ, ಎರಡು ಕಡೆ ನೀರು. ಅಡಗಿ ಕುಳಿತರೆ ಎಳೆಯಬೇಡಿ, ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಕುಳಿತುಕೊಳ್ಳಿ.

ಒಂದು ಕಾಗದದಲ್ಲಿ ಬರೆದಿಡಿ: ಎಷ್ಟು ತಿಂದಿತು, ಯಾವಾಗ ಮೂತ್ರ ಮಾಡಿತು, ಔಷಧ ಹೋಯಿತೇ. ಇಳಿದ 24 ಗಂಟೆಗಳಲ್ಲಿ ಮೂತ್ರವೇ ಮಾಡದಿದ್ದರೆ, ಅಥವಾ ಮರಳಿಗೆ ಪದೇ ಪದೇ ಹೋಗಿ ಹನಿಯೂ ಬಾರದೆ ಕೂಗಿದರೆ, ಬೆಳಗಾಗಲಿ ಎಂದು ಕಾಯದೆ ತುರ್ತು ಚಿಕಿತ್ಸಾಲಯಕ್ಕೆ ಹೋಗಿ. ಪೂರ್ತಿ ಒಂದು ದಿನ ಏನನ್ನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಬೆಕ್ಕಿನ ದೇಹ ಉಪವಾಸಕ್ಕೆ ಹೊಂದುವಂಥದ್ದಲ್ಲ. ಕೆಲವೇ ದಿನ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಳ್ಳುತ್ತದೆ, ದಪ್ಪ ಬೆಕ್ಕುಗಳಿಗೆ ಈ ಅಪಾಯ ಹೆಚ್ಚು. ಆಹಾರವನ್ನು ಸ್ವಲ್ಪ ಬೆಚ್ಚಗೆ ಮಾಡಿ ಕೊಟ್ಟರೆ ವಾಸನೆಗೆ ಎಷ್ಟೋ ಬೆಕ್ಕುಗಳು ಬಾಯಿ ತೆರೆಯುತ್ತವೆ. ಹಸಿವು ಹುಟ್ಟಿಸುವ ಔಷಧವನ್ನು ಹೊರಡುವ ಮೊದಲೇ ಕೇಳಿ ತಂದಿಟ್ಟುಕೊಂಡಿದ್ದರೆ ಈಗ ಅದು ಕೆಲಸಕ್ಕೆ ಬರುತ್ತದೆ.

ಹರ್ಪಿಸ್ ಇರುವ ಬೆಕ್ಕು ತಕ್ಷಣ ಸೀನದಿದ್ದರೂ ಒಂದು ವಾರದ ನಂತರ ಸೀನಲು ಆರಂಭಿಸಬಹುದು. ಒತ್ತಡಕ್ಕೂ ವೈರಸ್ ತಲೆಯೆತ್ತುವುದಕ್ಕೂ ನಡುವೆ ಅಷ್ಟು ಅಂತರವಿರುತ್ತದೆ, ಕಣ್ಣಿನ ಔಷಧವನ್ನು ಅಲ್ಲಿಯವರೆಗೆ ಒಳಗಿಡಬೇಡಿ.

ಹೊಸ ವೈದ್ಯರನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಂಡು, ಎರಡನೇ ವಾರಕ್ಕೆ ಭೇಟಿ ನಿಗದಿ ಮಾಡಿರಿ. ಆ ಭೇಟಿಗೆ ತೂಕ, ರಕ್ತಪರೀಕ್ಷೆ ಸೇರಿರಲಿ. ಅಲ್ಲಿನ ಪ್ರಾಣಿ ವಿಮೆ ಈಗಾಗಲೇ ಇರುವ ಕಾಯಿಲೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ಆ ವೆಚ್ಚವನ್ನು ಮೊದಲೇ ಎತ್ತಿಡಿ. ಮತ್ತು ಅದೇ ದಿನ, ಮರೆಯುವ ಮುನ್ನ, ಚಿಪ್‌ನ ನೋಂದಣಿಯಲ್ಲಿ ನಿಮ್ಮ ಹೊಸ ವಿಳಾಸ, ಹೊಸ ಫೋನ್ ಸಂಖ್ಯೆ ಸೇರಿಸಿ. ಹೊಸ ಮನೆಯ ಬಾಗಿಲು ತೆರೆದಾಗ ಬೆಕ್ಕು ಹೊರಗೆ ಓಡಿದರೆ, ಅದನ್ನು ಹಿಡಿದವರಿಗೆ ಸಿಗುವುದು ಆ ಸಂಖ್ಯೆಯೊಂದೇ.